ಮಕ್ಕಳಲ್ಲಿ ಆವಿ ಅರಿವಳಿಕೆ: ಕಾರವಾರ ಕರಾವಳಿಯ ನೆಲೆಯಿಂದ

ಉಸಿರಿನೊಂದಿಗೆ ಒಳಹೊಕ್ಕು, ಶ್ವಾಸಕೋಶದಿಂದ ರಕ್ತಕ್ಕೂ ಅಲ್ಲಿಂದ ಮಿದುಳಿಗೂ ತಲುಪಿ, ಪ್ರಜ್ಞೆ, ನೆನಪು, ಮೈಯ ಅಲುಗಾಟ ಇವನ್ನು ತಾತ್ಕಾಲಿಕವಾಗಿ ಅಡಗಿಸುವ ಅನಿಲ ಇಲ್ಲವೇ ಆವಿರೂಪದ ಔಷಧಗಳು ಆವಿ ಅರಿವಳಿಕೆಗಳು. ಈಥರ್, ಕ್ಲೋರೋಫಾರಂ, ಹ್ಯಾಲೋಥೇನ್, ಐಸೋಫ್ಲುರೇನ್, ಸೆವೋಫ್ಲುರೇನ್, ಡೆಸ್‌ಫ್ಲುರೇನ್ ಮತ್ತು ನೈಟ್ರಸ್ ಆಕ್ಸೈಡ್ ಈ ಗುಂಪಿಗೆ ಸೇರಿದವು. ದೊಡ್ಡವರಿಗೆ ಈಗ ಸಾಮಾನ್ಯವಾಗಿ ಕೈಯ ನರಕ್ಕೆ ಚುಚ್ಚುಮದ್ದು ಕೊಟ್ಟು ಮತ್ತು ಬರಿಸುತ್ತಾರೆ. ಆವಿ ಆಮೇಲೆ ಬರುತ್ತದೆ. ಮಕ್ಕಳಲ್ಲಿ ಎಷ್ಟೋ ಬಾರಿ ಈ ಕ್ರಮ ತಿರುಗುಮುರುಗು. ಮೊದಲು ಮುಖಕ್ಕೆ ಮಾಸ್ಕ್, ಮಗು ಮಲಗಿದ ಮೇಲೆ ಸೂಜಿ. ಗುಂಡುಗುಂಡಾದ ಅಂಗೈಯಲ್ಲಿ ನರ ಸಿಗದೆ ನಾಲ್ಕಾರು ಕಡೆ ಚುಚ್ಚಿಸಿಕೊಂಡು ಅರಚುವ ಕೂಸನ್ನು ಕಂಡವರಿಗೆ ಇದರ ಕಾರಣ ವಿವರಿಸಬೇಕಾಗಿಲ್ಲ.

ಕಾರವಾರದ ಮೀನುಗಾರಿಕೆ ಬಂದರು ಬೈತಖೋಲದಂಥ ಊರಿನಲ್ಲೂ, ಅಂಕೋಲೆಯ ಹಳ್ಳಿಗಳಲ್ಲೂ ಮಕ್ಕಳು ಆಪರೇಷನ್ ಟೇಬಲ್ ಏರುವುದು ಬಹುತೇಕ ಕೆಲವು ಸಾಮಾನ್ಯ ಕಾರಣಗಳಿಗೆ: ಹರ್ನಿಯಾ, ವೃಷಣ ಕೆಳಗಿಳಿಯದಿರುವುದು, ಸೀಳುತುಟಿ, ಮೆಳ್ಳೆಗಣ್ಣು, ಟಾನ್ಸಿಲ್, ಕೈ ಮುರಿತ, ಸುಟ್ಟಗಾಯ, ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳು, ಶ್ವಾಸನಾಳಕ್ಕೆ ಇಳಿದ ಶೇಂಗಾ ಬೀಜ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ ಹುಟ್ಟುದೋಷಗಳನ್ನು ಗುರುತಿಸುವುದರಿಂದ, ಹಿಂದೆ ಮನೆಯಲ್ಲೇ ಉಳಿದುಬಿಡುತ್ತಿದ್ದ ಮಕ್ಕಳೂ ಈಗ ಶಸ್ತ್ರಚಿಕಿತ್ಸೆಯವರೆಗೆ ಬರುತ್ತಾರೆ. ದೊಡ್ಡವರಾದರೆ ಇವುಗಳಲ್ಲಿ ಕೆಲವನ್ನು ಬರಿಯ ಮರಗಟ್ಟಿಸುವ ಇಂಜೆಕ್ಷನ್‌ನಲ್ಲಿ ಮುಗಿಸಬಹುದು. ಮೂರು ವರ್ಷದ ಮಗುವಿಗೆ ಕಣ್ಣಿನ ಪಕ್ಕದ ಹೊಲಿಗೆ ಹಾಕುವುದಕ್ಕೂ ಕೆಲವೊಮ್ಮೆ ಪೂರ್ಣ ಅರಿವಳಿಕೆಯೇ ಬೇಕಾಗುತ್ತದೆ.

ಚಿಕ್ಕ ಮೈ, ಬೇಗದ ಲೆಕ್ಕ

ಆವಿ ಮಕ್ಕಳ ಮಿದುಳಿಗೆ ಬೇಗ ಏರುತ್ತದೆ. ಇದಕ್ಕೆ ಮೂರು ಕಾರಣಗಳು ಒಟ್ಟಿಗೆ ಕೂಡುತ್ತವೆ. ಹಸುಗೂಸು ನಿಮಿಷಕ್ಕೆ ಒಳಗೆಳೆದುಕೊಳ್ಳುವ ಗಾಳಿಗೂ ಉಸಿರು ಬಿಟ್ಟ ಮೇಲೆ ಶ್ವಾಸಕೋಶದಲ್ಲಿ ಉಳಿಯುವ ಗಾಳಿಗೂ ಇರುವ ಅನುಪಾತ ಸುಮಾರು 5ಕ್ಕೆ 1. ವಯಸ್ಕರಲ್ಲಿ ಅದು ಸುಮಾರು 1.5ಕ್ಕೆ 1. ಎಂದರೆ ಕೂಸಿನ ಎದೆಯೊಳಗಿನ ಗಾಳಿ ತೀರ ಬೇಗ ಬದಲಾಗುತ್ತದೆ. ಎರಡನೆಯದಾಗಿ, ಕೂಸಿನ ಹೃದಯ ಹೊರದೂಡುವ ರಕ್ತದಲ್ಲಿ ದೊಡ್ಡ ಪಾಲು ಮಿದುಳು, ಹೃದಯ, ಯಕೃತ್ತುಗಳಿಗೇ ಹೋಗುತ್ತದೆ. ಸ್ನಾಯು, ಕೊಬ್ಬುಗಳಿಗೆ ಕಡಿಮೆ. ಮೂರನೆಯದಾಗಿ, ನವಜಾತ ಶಿಶುವಿನ ರಕ್ತದಲ್ಲಿ ಹ್ಯಾಲೋಥೇನ್, ಐಸೋಫ್ಲುರೇನ್‌ಗಳು ದೊಡ್ಡವರ ರಕ್ತದಲ್ಲಿ ಕರಗುವಷ್ಟು ಕರಗುವುದಿಲ್ಲ, ಮತ್ತು ರಕ್ತದಲ್ಲಿ ಕಡಿಮೆ ಕರಗುವ ಆವಿಯೇ ಮಿದುಳಿಗೆ ಬೇಗ ಒತ್ತಡ ಕೊಡುವುದು. ಚಿಕ್ಕ ಕೊಡ ಬೇಗ ತುಂಬುತ್ತದೆ, ಬೇಗ ತುಳುಕುತ್ತದೆ ಕೂಡ. ಹೃದಯದ ಸ್ನಾಯುವಿಗೂ ಆವಿ ಅಷ್ಟೇ ವೇಗದಲ್ಲಿ ತಲುಪುವುದರಿಂದ, ಆವಿಯ ಪ್ರಮಾಣ ಏರಿಸಲು ಯಂತ್ರದ ಡಯಲ್ ತಿರುಗಿಸಿದ ಕೈ ಒಂದೆರಡು ನಿಮಿಷ ಬೇರೆ ಕಡೆ ಹೋದರೂ ರಕ್ತದೊತ್ತಡ ಕುಸಿದಿರುತ್ತದೆ.

ಇದರ ಜೊತೆಗೆ ಇನ್ನೊಂದು ತೊಡಕಿದೆ. ಕೂಸಿಗೆ ಬೇಕಾದ ಆವಿಯ ಪ್ರಮಾಣವೂ ಹೆಚ್ಚು. ಚಾಕು ತಾಗಿದಾಗ ನೂರರಲ್ಲಿ ಐವತ್ತು ರೋಗಿಗಳು ಅಲುಗಾಡದಿರಲು ಶ್ವಾಸಕೋಶದಲ್ಲಿ ಎಷ್ಟು ಆವಿ ಇರಬೇಕೋ ಅದನ್ನು ಅರಿವಳಿಕೆ ತಜ್ಞರು ‘ಮ್ಯಾಕ್’ ಎಂದು ಕರೆಯುತ್ತಾರೆ. ಐಸೋಫ್ಲುರೇನ್‌ನ ಮ್ಯಾಕ್ ನವಜಾತ ಶಿಶುವಿಗೆ ಶೇ. 1.6, ಒಂದರಿಂದ ಆರು ತಿಂಗಳ ಕೂಸಿಗೆ ಶೇ. 1.87, ವಯಸ್ಕರಿಗೆ ಶೇ. 1.2ರ ಆಸುಪಾಸು. ಹುಟ್ಟಿದಾಗ ತುಸು ಕಡಿಮೆ ಇದ್ದು, ಮೊದಲ ಆರು ತಿಂಗಳಲ್ಲಿ ಶಿಖರಕ್ಕೇರಿ, ಆಮೇಲೆ ಮುಪ್ಪಿನವರೆಗೂ ಇಳಿಯುತ್ತ ಹೋಗುವುದು ಹೆಚ್ಚಿನ ಆವಿಗಳ ಸ್ವಭಾವ. ಸೆವೋಫ್ಲುರೇನ್ ಮಾತ್ರ ಬೇರೆ ದಾರಿ ಹಿಡಿದಿದೆ: ನವಜಾತರಲ್ಲಿ ಶೇ. 3.3, ಆರು ತಿಂಗಳವರೆಗೆ ಶೇ. 3.2, ಅಲ್ಲಿಂದ ಹನ್ನೆರಡು ವರ್ಷದವರೆಗೆ ಹೆಚ್ಚುಕಡಿಮೆ ಶೇ. 2.5ರಲ್ಲೇ ನಿಲ್ಲುತ್ತದೆ. ಈ ವ್ಯತ್ಯಾಸಕ್ಕೆ ಒಪ್ಪಿತವಾದ ವಿವರಣೆ ಇಲ್ಲ.

ಹೆಚ್ಚು ಆವಿ ಬೇಕು, ಅದು ಬೇಗ ಏರುತ್ತದೆ, ಹೃದಯವೋ ಇನ್ನೂ ಎಳಸು. ಆಮ್ಲಜನಕದ ಖರ್ಚು ಬೇರೆ: ಹಸುಗೂಸು ಕಿಲೋ ತೂಕಕ್ಕೆ ನಿಮಿಷಕ್ಕೆ 6ರಿಂದ 7 ಮಿ.ಲೀ. ಬಳಸಿದರೆ ವಯಸ್ಕ ದೇಹ 3ರಿಂದ 4 ಮಿ.ಲೀ.ಯಲ್ಲಿ ಸುಧಾರಿಸುತ್ತದೆ. ಆದ್ದರಿಂದ ಉಸಿರು ನಿಂತ ಕೂಸು ನೀಲಿಗಟ್ಟಲು ಹೆಚ್ಚು ಹೊತ್ತು ಬೇಡ, ಮತ್ತು ಆಮ್ಲಜನಕ ಇಳಿದಾಗ ಕೂಸಿನ ಹೃದಯ ಓಡುವ ಬದಲು ನಿಧಾನಗೊಳ್ಳುತ್ತದೆ.

ಈಥರಿನಿಂದ ಸೆವೋವರೆಗೆ

1846ರ ಅಕ್ಟೋಬರ್ 16ರಂದು ಬೋಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಈಥರಿನ ಪ್ರದರ್ಶನ ಕೊಟ್ಟ. 1847ರ ಮಾರ್ಚ್‌ನಲ್ಲೇ ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿ ಅದರ ಬಳಕೆಯಾಯಿತು. ಅದೇ ವರ್ಷದ ನವೆಂಬರಿನಲ್ಲಿ ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರಂ ತಂದ. ಮೂರು ತಿಂಗಳೊಳಗೆ, 1848ರ ಜನವರಿ 28ರಂದು, ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿಯ ವಿನ್‌ಲೇಟನ್‌ನಲ್ಲಿ ಹ್ಯಾನಾ ಗ್ರೀನರ್ ಎಂಬ ಹದಿನೈದರ ಹುಡುಗಿ ಕಾಲ್ಬೆರಳ ಉಗುರು ತೆಗೆಸಿಕೊಳ್ಳಲು ಹೋಗಿ ಕ್ಲೋರೋಫಾರಂನಲ್ಲಿ ಸತ್ತಳು. ಕ್ಲೋರೋಫಾರಂನಿಂದಾದ ಮೊದಲ ದಾಖಲಿತ ಸಾವು ಒಬ್ಬ ಬಾಲಕಿಯದು ಎಂಬುದನ್ನು ಅರಿವಳಿಕೆಯ ಇತಿಹಾಸ ಬರೆಯುವವರು ಒಂದು ಸಾಲಿನಲ್ಲಿ ದಾಟಿಬಿಡುವುದುಂಟು. ಲಂಡನ್ನಿನ ಜಾನ್ ಸ್ನೋ, ಕಾಲರಾ ನೀರಿನಿಂದ ಹರಡುತ್ತದೆಂದು ತೋರಿಸಿದ ಅದೇ ವೈದ್ಯ, ನೂರಾರು ಮಕ್ಕಳಿಗೆ ಕ್ಲೋರೋಫಾರಂ ಕೊಟ್ಟಿದ್ದ. ಮಕ್ಕಳು ದೊಡ್ಡವರಿಗಿಂತ ಬೇಗ ಮಲಗಿ ಬೇಗ ಏಳುತ್ತಾರೆ, ಅವರ ಉಸಿರು ಮತ್ತು ರಕ್ತಸಂಚಾರದ ವೇಗವೇ ಇದಕ್ಕೆ ಕಾರಣ ಎಂದು 1858ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಆತ ಬರೆದಿಟ್ಟ. ಅಳೆಯುವ ಯಂತ್ರ ಒಂದೂ ಇಲ್ಲದ ಕಾಲದಲ್ಲಿ ಬರಿಗಣ್ಣಿನಿಂದ ಕಂಡ ಈ ಮಾತು ಇಂದಿಗೂ ನಿಂತಿದೆ.

ಕನ್ನಡನಾಡಿನ ಒಂದು ಭಾಗಕ್ಕೂ ಈ ಕಥೆಯಲ್ಲಿ ಪಾಲಿದೆ. ಬೀದರ್, ಕಲಬುರಗಿ, ರಾಯಚೂರುಗಳು ನಿಜಾಮನ ಆಳ್ವಿಕೆಯಲ್ಲಿದ್ದಾಗ, 1888 ಮತ್ತು 1889ರಲ್ಲಿ ಅದೇ ಸಂಸ್ಥಾನದ ಹಣದಿಂದ ಎರಡು ಹೈದರಾಬಾದ್ ಕ್ಲೋರೋಫಾರಂ ಆಯೋಗಗಳು ನಡೆದವು. ಎಡ್ವರ್ಡ್ ಲಾರಿ ಎಂಬ ವೈದ್ಯಾಧಿಕಾರಿಯ ಹಟ ಒಂದೇ: ಕ್ಲೋರೋಫಾರಂ ಹೃದಯವನ್ನು ನೇರವಾಗಿ ಕೊಲ್ಲುವುದಿಲ್ಲ, ಉಸಿರನ್ನು ಕಾಯ್ದುಕೊಂಡರೆ ಸಾಕು. ಹೃದಯದ ವಿಷಯದಲ್ಲಿ ಅವನ ಮಾತು ತಪ್ಪೆಂದು ಮುಂದೆ ಸಾಬೀತಾಯಿತು. ಆದರೆ ನಾಡಿ ಹಿಡಿದು ಕೂರುವುದಕ್ಕಿಂತ ಎದೆಯ ಏರಿಳಿತ ನೋಡಿ ಎಂಬ ಅವನ ಬೋಧನೆಗೆ ಮಕ್ಕಳ ಮಟ್ಟಿಗಂತೂ ಬೆಲೆಯಿದೆ. ಕೂಸಿನ ಹೃದಯ ಸೋಲುವ ಮುನ್ನ ಎಷ್ಟೋ ಸಲ ಉಸಿರು ಸೋತಿರುತ್ತದೆ.

ತಂತಿಯ ಮಾಸ್ಕಿನ ಮೇಲೆ ಬಟ್ಟೆ ಹೊದಿಸಿ ಈಥರ್ ತೊಟ್ಟಿಕ್ಕುವ ಪದ್ಧತಿ ಭಾರತದ ಸಣ್ಣ ಆಸ್ಪತ್ರೆಗಳಲ್ಲಿ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳವರೆಗೂ ಉಳಿದಿತ್ತು. ಈಥರ್ ಕುದಿಯುವುದು 34.6 ಡಿಗ್ರಿಯಲ್ಲಿ; ಮೇ ತಿಂಗಳ ಕರಾವಳಿಯ ಸೆಕೆ ಅದಕ್ಕೆ ಹತ್ತಿರವೇ. ಬೆಂಕಿ ಹತ್ತುವ ವಸ್ತುವಾದ್ದರಿಂದ ರಕ್ತ ನಿಲ್ಲಿಸಲು ವಿದ್ಯುತ್ತಿನಿಂದ ಸುಡುವ ಉಪಕರಣವನ್ನು ಅದರ ಬಳಿ ಬಳಸುವಂತಿರಲಿಲ್ಲ. ಅದು ಬಿಟ್ಟರೆ ಈಥರ್ ಕ್ಷಮಾಗುಣದ ಔಷಧ: ಮಲಗಿಸಲು ನಿಧಾನ, ಏಳಲೂ ನಿಧಾನ, ವಾಂತಿ ಹೆಚ್ಚು, ಆದರೆ ಉಸಿರನ್ನು ಬೇಗ ನಿಲ್ಲಿಸುತ್ತಿರಲಿಲ್ಲ.

ಸೀಳುತುಟಿ, ಸೀಳಂಗುಳದ ಕೂಸುಗಳೇ ಈ ಶಾಸ್ತ್ರಕ್ಕೆ ಅದರ ಮುಖ್ಯ ಉಪಕರಣವನ್ನು ಕೊಡಿಸಿದವು. 1937ರಲ್ಲಿ ನ್ಯೂಕ್ಯಾಸಲ್‌ನ ಫಿಲಿಪ್ ಏರ್ ಕವಾಟವೇ ಇಲ್ಲದ ‘ಟಿ’ ಆಕಾರದ ಕೊಳವೆ ಬಳಸಿದ್ದನ್ನು ಪ್ರಕಟಿಸಿದ. ಅಲ್ಲಿಯವರೆಗೆ ಪುಟ್ಟ ಎದೆಗೂಡು ಯಂತ್ರದ ಕವಾಟಗಳನ್ನು ತಳ್ಳಿ ತೆರೆದು ಉಸಿರಾಡಬೇಕಿತ್ತು, ದಣಿಯುತ್ತಿತ್ತು. 1950ರಲ್ಲಿ ಲಿವರ್‌ಪೂಲ್‌ನ ಜಾಕ್ಸನ್ ರೀಸ್ ಅದಕ್ಕೆ ಬಾಲ ತೆರೆದ ಒಂದು ಚೀಲ ಜೋಡಿಸಿದ. ನಮ್ಮ ಆಪರೇಷನ್ ಥಿಯೇಟರುಗಳಲ್ಲಿ ‘ಜೆ.ಆರ್. ಸರ್ಕ್ಯೂಟ್’ ಎಂದು ಎಲ್ಲರೂ ಕರೆಯುವುದು ಇದನ್ನೇ. ಕಿರುಬೆರಳು, ಉಂಗುರಬೆರಳುಗಳ ನಡುವೆ ಚೀಲದ ಬಾಲ ಹಿಡಿದು ಬಿಗಿ-ಸಡಿಲ ಮಾಡುತ್ತ ಕೂಸಿನ ಉಸಿರನ್ನು ಅಂಗೈಯಲ್ಲೇ ಅರಿಯುವ ಕೌಶಲ ಬರಲು ತಿಂಗಳುಗಟ್ಟಲೆ ಅಭ್ಯಾಸ ಬೇಕು.

1951ರಲ್ಲಿ ಚಾರ್ಲ್ಸ್ ಸಕ್ಲಿಂಗ್ ತಯಾರಿಸಿ 1956ರಲ್ಲಿ ಬಳಕೆಗೆ ಬಂದ ಹ್ಯಾಲೋಥೇನ್ ಮಕ್ಕಳ ಅರಿವಳಿಕೆಯನ್ನು ಸುಮಾರು ನಲವತ್ತು ವರ್ಷ ಆಳಿತು. ಸಿಹಿವಾಸನೆ, ಬೆಂಕಿಯ ಭಯವಿಲ್ಲ, ಬೆಲೆಯೂ ಕಡಿಮೆ. ಭಾರತದ ಸರ್ಕಾರಿ ಆಸ್ಪತ್ರೆಗಳು ಅದನ್ನು ಬೇಗ ಬಿಡಲಿಲ್ಲ. ಅದರ ದೋಷ ಹೃದಯದ ಮೇಲೆ: ಬಡಿತ ನಿಧಾನವಾಗಿಸುತ್ತದೆ, ಸ್ನಾಯುವನ್ನು ಕುಂದಿಸುತ್ತದೆ, ಅಡ್ರಿನಲಿನ್ ಜೊತೆ ಸೇರಿದರೆ ಬಡಿತದ ಲಯ ತಪ್ಪಿಸುತ್ತದೆ. ಅಮೆರಿಕ ಮತ್ತು ಕೆನಡಾಗಳ ಆಸ್ಪತ್ರೆಗಳು ಮಕ್ಕಳ ಹೃದಯಸ್ತಂಭನಗಳನ್ನು ದಾಖಲಿಸಿಟ್ಟ ಒಂದು ನೋಂದಣಿಯಲ್ಲಿ, 1994–97ರ ನಡುವೆ ಔಷಧದಿಂದಾದವು ಶೇ. 37 ಇದ್ದವು, ಸೆವೋಫ್ಲುರೇನ್ ಬಂದ ಮೇಲೆ, 1998–2004ರಲ್ಲಿ, ಶೇ. 18ಕ್ಕೆ ಇಳಿದವು. ಒಂದು ಬಾಟಲಿಯ ಬದಲು ಇನ್ನೊಂದನ್ನು ತಂದಿಟ್ಟದ್ದಕ್ಕೆ ಇಷ್ಟು ಸ್ಪಷ್ಟ ಫಲ ಕಾಣುವುದು ವೈದ್ಯಕೀಯದಲ್ಲಿ ಅಪರೂಪ.

ಜಪಾನಿನಲ್ಲಿ 1990ರಲ್ಲೂ ಅಮೆರಿಕದಲ್ಲಿ 1995ರಲ್ಲೂ ಬಳಕೆಗೆ ಬಂದ ಸೆವೋಫ್ಲುರೇನ್ ಮೂಗಿಗೆ ಘಾಟು ಹೊಡೆಯುವುದಿಲ್ಲ. ಮಗು ಒಲ್ಲೆನೆಂದು ಅತ್ತಷ್ಟೂ ಆಳವಾಗಿ ಉಸಿರೆಳೆದು ಬೇಗ ಮಲಗಿಬಿಡುತ್ತದೆ. ಐಸೋಫ್ಲುರೇನ್‌ಗೆ ಘಾಟಿದೆ, ಆದ್ದರಿಂದ ಅದು ಮಲಗಿದ ಮಗುವನ್ನು ಮಲಗಿಯೇ ಇಡಲು ಮಾತ್ರ ಯೋಗ್ಯ. ಡೆಸ್‌ಫ್ಲುರೇನ್ ಇನ್ನೂ ಕಟು. ಅದರಿಂದ ಮಾಸ್ಕಿನಲ್ಲಿ ಮಲಗಿಸಹೊರಟರೆ ಕೆಮ್ಮು, ಉಸಿರು ಬಿಗಿಹಿಡಿಯುವುದು, ಗಂಟಲ ಸೆಳೆತ ಶುರುವಾಗುತ್ತವೆ. ಅದು ಕುದಿಯುವುದು 22.8 ಡಿಗ್ರಿಯಲ್ಲಿ. ಕಾರವಾರದ ಗಾಳಿ ವರ್ಷದ ಬಹುಪಾಲು ಅದಕ್ಕಿಂತ ಬೆಚ್ಚಗಿರುವುದರಿಂದ ಬಾಯಿ ತೆರೆದ ಬಾಟಲಿ ತಾನಾಗಿಯೇ ಕುದಿಯತೊಡಗುತ್ತದೆ. ವಿದ್ಯುತ್ತಿನಿಂದ ಬಿಸಿಮಾಡಿ ಒತ್ತಡ ಕಾಯ್ದುಕೊಳ್ಳುವ ವಿಶೇಷ ವೇಪರೈಸರ್ (ದ್ರವವನ್ನು ಆವಿಯಾಗಿಸುವ ಸಾಧನ) ಇಲ್ಲದೆ ಅದನ್ನು ಅಳೆದು ಕೊಡಲಾಗುವುದಿಲ್ಲ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 2,500 ಪಟ್ಟು ಮುಂದಿರುವ ಇದರ ವಾಡಿಕೆಯ ಬಳಕೆಯನ್ನು ಐರೋಪ್ಯ ಒಕ್ಕೂಟ 2026ರ ಜನವರಿಯಿಂದ ನಿರ್ಬಂಧಿಸಿದೆ. ನೈಟ್ರಸ್ ಆಕ್ಸೈಡ್ ಒಂಟಿಯಾಗಿ ಪೂರ್ಣ ಅರಿವಳಿಕೆ ಕೊಡಲಾರದು, ನೋವು ತಗ್ಗಿಸುತ್ತದೆ. ಕರುಳು ಕಟ್ಟಿ ಹೊಟ್ಟೆ ಉಬ್ಬಿದ ಕೂಸಿಗೆ ಅದನ್ನು ಕೊಡಬಾರದು. ಮುಚ್ಚಿದ ಗಾಳಿಯ ಜಾಗಕ್ಕೆ ನುಗ್ಗಿ ಅದನ್ನು ಇನ್ನಷ್ಟು ಉಬ್ಬಿಸುತ್ತದೆ.

ಹೊಟ್ಟೆ ಖಾಲಿ, ಮೂಗು ಒಣಗಿರಬೇಕು

ಮತ್ತಿನಲ್ಲಿ ಹೊಟ್ಟೆಯಲ್ಲಿದ್ದುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಬಹುಕಾಲದಿಂದ ನಡೆದುಬಂದ ನಿಯಮ ಹೀಗಿದೆ: ಗಟ್ಟಿ ಆಹಾರ ಮತ್ತು ದನದ ಹಾಲಿಗೆ ಆರು ಗಂಟೆ, ಎದೆಹಾಲಿಗೆ ನಾಲ್ಕು, ನೀರಿಗೆ ಎರಡು. ಈಚೆಗೆ ಯುರೋಪಿನ ತಜ್ಞರು ಮಕ್ಕಳಿಗೆ ನೀರಿನ ಅವಧಿಯನ್ನು ಒಂದು ಗಂಟೆಗೆ ಇಳಿಸಿದ್ದಾರೆ. ನಮ್ಮಲ್ಲಿ ಎಡವಟ್ಟಾಗುವುದು ಗಂಜಿಯಲ್ಲಿ. ‘ಏನೂ ತಿನ್ನಿಸಿಲ್ಲ, ಎರಡು ಚಮಚ ಗಂಜಿ ಅಷ್ಟೆ’ ಎನ್ನುವ ಅಜ್ಜಿಯ ಲೆಕ್ಕದಲ್ಲಿ ಗಂಜಿ ನೀರಿನ ಜಾತಿ. ಅರಿವಳಿಕೆಯ ಲೆಕ್ಕದಲ್ಲಿ ಅದು ಊಟ. ಇದಕ್ಕೆ ವಿರುದ್ಧವಾದ ತಪ್ಪೂ ಕಡಿಮೆಯಿಲ್ಲ: ‘ರಾತ್ರಿಯಿಂದ ಏನೂ ಕೊಡಬೇಡಿ’ ಎಂಬ ಒಂದೇ ಮಾತನ್ನು ಪಾಲಿಸಿ ಕೂಸನ್ನು ಹನ್ನೆರಡು ಗಂಟೆ ಒಣಗಿಸುವುದು. ನೀರಿಲ್ಲದೆ ಬಳಲಿದ ಕೂಸಿನ ರಕ್ತದೊತ್ತಡ ಆವಿ ತಾಗಿದ ಕೂಡಲೆ ಇಳಿಯುತ್ತದೆ, ನರವೂ ಸಿಗುವುದಿಲ್ಲ.

ಕರಾವಳಿಯ ನಿಜವಾದ ತಲೆನೋವು ಮಳೆಗಾಲದ ನೆಗಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಬೈತಖೋಲದ ಟ್ರಾಲರುಗಳು ದಡದಲ್ಲಿ ನಿಂತಿರುತ್ತವೆ, ಗಂಡಸರು ಮನೆಯಲ್ಲಿರುತ್ತಾರೆ. ಮಗುವಿನ ಹರ್ನಿಯಾ ಮಾಡಿಸಿಬಿಡೋಣ ಎನ್ನಲು ಬಿಡುವಿರುವ ತಿಂಗಳುಗಳು ಅವೇ, ಮಕ್ಕಳ ಮೂಗು ಸುರಿಯುವ ತಿಂಗಳುಗಳೂ ಅವೇ. ನೆಗಡಿಯಾದ ಮಗುವಿನ ಶ್ವಾಸನಾಳ ವಾರಗಟ್ಟಲೆ ಕೆರಳಿರುತ್ತದೆ. ಆವಿ ಕೊಡುವಾಗ ಅಥವಾ ಏಳಿಸುವಾಗ ಒಂದು ಹನಿ ಜೊಲ್ಲು ಧ್ವನಿತಂತುಗಳ ಮೇಲೆ ಬಿದ್ದರೂ ಅವು ಗಪ್ಪನೆ ಮುಚ್ಚಿಕೊಳ್ಳಬಹುದು. ಎದೆ ಎಳೆಯುತ್ತಿರುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ಆಗ ಪೂರ್ಣ ಆಮ್ಲಜನಕ, ದವಡೆಯನ್ನು ಮುಂದಕ್ಕೆ ಎತ್ತಿ ಮಾಸ್ಕಿನಿಂದ ಬಿಗಿಯಾದ ಒತ್ತಡ, ಅದಕ್ಕೂ ಬಗ್ಗದಿದ್ದರೆ ಪ್ರೊಪೊಫಾಲ್ ಎಂಬ ಮತ್ತಿನ ಚುಚ್ಚುಮದ್ದು, ಕೊನೆಗೆ ಸ್ನಾಯು ಸಡಿಲಿಸುವ ಸಕ್ಸಮೆಥೋನಿಯಂ. ಜ್ವರ, ಹಳದಿ ಸಿಂಬಳ, ಉಬ್ಬಸದ ಸದ್ದು ಇದ್ದರೆ ತುರ್ತಿಲ್ಲದ ಆಪರೇಷನ್ನನ್ನು ಎರಡರಿಂದ ನಾಲ್ಕು ವಾರ ಮುಂದೂಡುತ್ತಾರೆ. ದೂರದಿಂದ ಬಂದ ಮನೆಯವರಿಗೆ ಇದು ಡಾಕ್ಟರು ನೆಪ ಹೇಳಿ ಓಡಿಸಿದಂತೆ ಕಾಣುವುದು ಸಹಜ. ಮನೆಯೊಳಗೆ ಬೀಡಿ-ಸಿಗರೇಟು ಸೇದುವವರಿದ್ದರೆ ಈ ಅಪಾಯ ಇನ್ನೂ ಏರುತ್ತದೆ.

ಸಕ್ಸಮೆಥೋನಿಯಂ ಮಾತು ಬಂದಾಗ ದಕ್ಷಿಣ ಭಾರತದ್ದೇ ಆದ ಒಂದು ಸಂಗತಿ ಹೇಳಬೇಕು. ಆರ್ಯವೈಶ್ಯ ಸಮುದಾಯದ ಕೆಲವರಲ್ಲಿ ಈ ಔಷಧವನ್ನು ಒಡೆಯುವ ಕಿಣ್ವ ಹುಟ್ಟಿನಿಂದಲೇ ಇರುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಇಳಿಯಬೇಕಾದ ಪರಿಣಾಮ ಗಂಟೆಗಟ್ಟಲೆ ಉಳಿದು ಮಗುವಿಗೆ ಅಷ್ಟೂ ಹೊತ್ತು ಯಂತ್ರದ ಉಸಿರು ಬೇಕಾಗುತ್ತದೆ. ಆಪರೇಷನ್ನಿನ ಮುಂಚೆ ಮನೆತನದ ವಿಚಾರ ಕೇಳಿದರೆ ಕೆಲವರು ಮುನಿಸಿಕೊಳ್ಳುತ್ತಾರೆ, ಕೇಳುವುದು ಇದಕ್ಕೆ. ಅಪರೂಪದ್ದಾದರೂ ಇನ್ನೂ ಭಯಂಕರವಾದುದು ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾ. ಮೆಲ್ಬರ್ನ್‌ನ ವೈದ್ಯರು 1960ರಲ್ಲಿ ಇದನ್ನು ಗುರುತಿಸಿದರು. ವಂಶವಾಹಿಯಲ್ಲಿ ದೋಷವಿರುವವರಿಗೆ ಸಕ್ಸಮೆಥೋನಿಯಂ ತಾಗಿದರೆ, ಇಲ್ಲವೇ ಈ ಆವಿಗಳಲ್ಲಿ ನೈಟ್ರಸ್ ಆಕ್ಸೈಡ್ ಹೊರತು ಬೇರೆ ಯಾವುದು ತಾಗಿದರೂ ಸ್ನಾಯುಗಳು ಸೆಟೆದು, ಇಂಗಾಲದ ಡೈಆಕ್ಸೈಡ್ ಏರಿ, ಮೈ ಕಾದು ಪ್ರಾಣಕ್ಕೆ ಬರುತ್ತದೆ. ಅದಕ್ಕಿರುವ ಮದ್ದು ಡ್ಯಾಂಟ್ರೋಲೀನ್. ಭಾರತದ ಬಹಳಷ್ಟು ಆಸ್ಪತ್ರೆಗಳ ಕಪಾಟಿನಲ್ಲಿ ಅದು ಇರುವುದಿಲ್ಲ.

ಏಳುವ ಹೊತ್ತು

ಸೆವೋಫ್ಲುರೇನ್‌ನಿಂದ ಎದ್ದ ಮಗು, ಮುಖ್ಯವಾಗಿ ಎರಡರಿಂದ ಆರು ವರ್ಷದ್ದು, ಕಣ್ಣು ತೆರೆದಿದ್ದರೂ ತಾಯಿಯನ್ನು ಗುರುತಿಸದೆ ಒದೆದಾಡಿ ಕಿರುಚಬಹುದು. ಇದು ನೋವಿಲ್ಲದ ಎಂ.ಆರ್.ಐ. ಸ್ಕ್ಯಾನ್ ಆದ ಮೇಲೂ ಬರುತ್ತದೆ. ಹತ್ತಿಪ್ಪತ್ತು ನಿಮಿಷಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಅಷ್ಟರಲ್ಲಿ ಹೊರಗೆ ಕಾದಿದ್ದವರ ಜೀವ ಬಾಯಿಗೆ ಬಂದಿರುತ್ತದೆ. ಇದನ್ನು ನೋವಿನಿಂದ ಬೇರ್ಪಡಿಸಿ ಅಳೆಯಲು 2004ರಲ್ಲಿ ಒಂದು ಅಂಕಪಟ್ಟಿ ರೂಪಿಸಿದರು. ಕೊನೆಯಲ್ಲಿ ತುಸು ಪ್ರೊಪೊಫಾಲ್ ಅಥವಾ ಶಮನಕಾರಿ ಔಷಧ ಡೆಕ್ಸ್‌ಮೆಡಿಟೊಮಿಡಿನ್ ಕೊಟ್ಟರೆ ಹಾವಳಿ ಕಡಿಮೆ. ಬಾಲಬುಡದ ಮೂಳೆಯ ಬಳಿ ಮರಗಟ್ಟಿಸುವ ಕಾಡಲ್ ಇಂಜೆಕ್ಷನ್ ಕೊಟ್ಟಿದ್ದರೆ ಹರ್ನಿಯಾದಂಥ ಆಪರೇಷನ್ನುಗಳಲ್ಲಿ ಆವಿಯೂ ಕಡಿಮೆ ಸಾಕು, ಎದ್ದಾಗ ನೋವೂ ಇರುವುದಿಲ್ಲ, ಖರ್ಚಂತೂ ಅತ್ಯಲ್ಪ. ಅರೆಮತ್ತಿನಲ್ಲಿರುವ ಮಗುವಿಗೆ ಮನೆಮಾತಿನಲ್ಲಿ ಕರೆಯುವವರು ಬೇಕು. ಕೊಂಕಣಿ ಮನೆಮಾತಿನ ಮೀನುಗಾರ ಖಾರ್ವಿಗಳ ಮಗುವನ್ನು ಗೋವೆಗೆ ಕಳಿಸಿದಾಗ ಅಲ್ಲಿಯ ವಾರ್ಡಿನಲ್ಲೂ ಕೊಂಕಣಿಯೇ ಕಿವಿಗೆ ಬೀಳುವುದು ಸಣ್ಣ ಅನುಕೂಲವಲ್ಲ.

ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ವಿಷಯ ಬೇರೆ. ಗರ್ಭದ ವಾರಗಳನ್ನೂ ಸೇರಿಸಿ 60 ವಾರ ತುಂಬುವವರೆಗೆ ಅವು ಆಪರೇಷನ್ ಆದ ರಾತ್ರಿ ಉಸಿರು ಮರೆಯಬಹುದು. ಹತ್ತು ನಿಮಿಷದ ಆಪರೇಷನ್ ಆದರೂ ಮಾನಿಟರಿನೊಂದಿಗೆ ಒಂದು ರಾತ್ರಿ ಉಳಿಸಿಕೊಳ್ಳಬೇಕು.

ಮಿದುಳಿನ ಪ್ರಶ್ನೆ

2003ರಲ್ಲಿ ಅಮೆರಿಕದ ಸಂಶೋಧಕರು ಏಳು ದಿನದ ಇಲಿಮರಿಗಳಿಗೆ ಆರು ಗಂಟೆ ಐಸೋಫ್ಲುರೇನ್, ನೈಟ್ರಸ್ ಆಕ್ಸೈಡ್, ಜೊತೆಗೆ ಶಮನಕಾರಿ ಔಷಧ ಮಿಡಜೋಲಮ್ ಕೊಟ್ಟಾಗ ಮಿದುಳಿನ ಕೋಶಗಳು ಸತ್ತದ್ದನ್ನು ಕಂಡರು. ಅಲ್ಲಿಂದ ಹೆತ್ತವರ ಆತಂಕ ಶುರುವಾಯಿತು. 2016ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಮೂರು ವರ್ಷದೊಳಗಿನ ಮಕ್ಕಳಿಗೆ ಮೂರು ಗಂಟೆ ಮೀರಿದ ಅಥವಾ ಪದೇಪದೇ ಕೊಡುವ ಅರಿವಳಿಕೆಯ ಬಗ್ಗೆ ಎಚ್ಚರಿಕೆ ಹೊರಡಿಸಿತು. ಇದಕ್ಕೆ ಎದುರಾಗಿ ನಿಲ್ಲುವ ಸಾಕ್ಷ್ಯವೂ ಇದೆ. ಏಳು ದೇಶಗಳ 28 ಆಸ್ಪತ್ರೆಗಳಲ್ಲಿ ಹರ್ನಿಯಾದ 722 ಕೂಸುಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಸೆವೋಫ್ಲುರೇನ್, ಇನ್ನೊಂದಕ್ಕೆ ಎಚ್ಚರವಿದ್ದಂತೆಯೇ ಬೆನ್ನಿನ ಇಂಜೆಕ್ಷನ್ ಕೊಟ್ಟರು. ಎರಡು ವರ್ಷಕ್ಕೂ ಐದು ವರ್ಷಕ್ಕೂ ಮಕ್ಕಳ ಬುದ್ಧಿಬೆಳವಣಿಗೆ ಅಳೆದರು. 2016 ಮತ್ತು 2019ರಲ್ಲಿ ಪ್ರಕಟವಾದ ಫಲಿತಾಂಶಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಆವಿ ಕೊಟ್ಟ ಅವಧಿ ಸರಾಸರಿ ಒಂದು ಗಂಟೆಯ ಒಳಗೆ. ಹೀಗಾಗಿ ಒಂದು ಸಲದ, ಗಂಟೆಯೊಳಗಿನ ಅರಿವಳಿಕೆಗೆ ಹೆದರಿ ಸಿಕ್ಕಿಬೀಳುವ ಹರ್ನಿಯಾವನ್ನು ಮುಂದೂಡುವುದು ಅವಿವೇಕ.

ರಸ್ತೆಯೂ ಅರಿವಳಿಕೆಯ ಭಾಗ

ಪಲ್ಸ್ ಆಕ್ಸಿಮೀಟರು, ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಅಲೆಯಾಗಿ ತೋರಿಸುವ ಕ್ಯಾಪ್ನೋಗ್ರಾಫು, ಚಿಕ್ಕ ಅಳತೆಯ ಮಾಸ್ಕು-ಕೊಳವೆಗಳು, ಮೈ ಬೆಚ್ಚಗಿಡುವ ಹಾಸಿಗೆ ಇವೆಲ್ಲ ಕೊಳ್ಳಬಹುದಾದ ವಸ್ತುಗಳು. ಎಳೆಗೂಸುಗಳನ್ನು ದಿನವೂ ಮಲಗಿಸಿ ಏಳಿಸುವ ಕೈಗಳನ್ನು ಕೊಳ್ಳಲಾಗುವುದಿಲ್ಲ. ತಜ್ಞರ ಕೊರತೆ ನೀಗಿಸಲು ಸರ್ಕಾರ ಎಂ.ಬಿ.ಬಿ.ಎಸ್. ವೈದ್ಯರಿಗೆ ಕೆಲವು ತಿಂಗಳ ಅರಿವಳಿಕೆ ತರಬೇತಿ ಕೊಡುತ್ತದೆ. ಆದರೆ ಅದು ಹೆರಿಗೆಯ ತುರ್ತುಗಳಿಗಾಗಿ ರೂಪಿಸಿದ್ದು, ಎರಡು ಕಿಲೋ ಕೂಸಿಗಲ್ಲ.

ಕಾರವಾರದಲ್ಲಿ 2016ರಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಶುರುವಾದ ಮೇಲೂ ನವಜಾತ ಶಿಶುವಿನ ಕರುಳಿನ ಆಪರೇಷನ್ನು, ಹುಟ್ಟು ಹೃದ್ರೋಗ ಇಂಥವಕ್ಕೆ ಜನ ಗೋವೆಯ ಬಾಂಬೋಳಿಯಲ್ಲಿರುವ ಗೋವಾ ಮೆಡಿಕಲ್ ಕಾಲೇಜಿಗೆ, ಹುಬ್ಬಳ್ಳಿ-ಧಾರವಾಡಕ್ಕೆ, ಇನ್ನೂರು ಕಿ.ಮೀ.ಗೂ ಹೆಚ್ಚು ದೂರದ ಮಣಿಪಾಲಕ್ಕೆ ಓಡುವುದು ನಿಂತಿಲ್ಲ. ಸೀಳುತುಟಿಯ ಮಕ್ಕಳಿಗೆ ಧಾರವಾಡದ ಎಸ್.ಡಿ.ಎಂ. ಸಂಸ್ಥೆಯ ಮುಖಶಸ್ತ್ರಚಿಕಿತ್ಸಾ ವಿಭಾಗ ಹಳೆಯ ಆಸರೆ. 2018ರಿಂದ ಗೋವಾ ಮೆಡಿಕಲ್ ಕಾಲೇಜು ಹೊರರಾಜ್ಯದವರಿಗೆ ಶುಲ್ಕ ವಿಧಿಸತೊಡಗಿತು. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಬೈಂದೂರಿನ ಬಳಿಯ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ಸಾವುಗಳಾದಾಗ, ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಹಳೆಯ ಕೂಗು ಮತ್ತೆ ಎದ್ದಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಇನ್ನೊಂದು ಶಿರೂರಿನಲ್ಲಿ ಗುಡ್ಡ ಕುಸಿದು ದಕ್ಷಿಣದ ಹೆದ್ದಾರಿ ವಾರಗಟ್ಟಲೆ ಮುಚ್ಚಿತು. ಆಗಸ್ಟ್ 7ರಂದು ಕಾಳಿ ನದಿಯ ಹಳೆಯ ಸೇತುವೆ ಬಿದ್ದು ಗೋವೆಯ ದಾರಿಯೂ ಇಕ್ಕಟ್ಟಾಯಿತು. ಒಂದೇ ಮಳೆಗಾಲದಲ್ಲಿ ಎರಡು ಕಡೆಯ ದಾರಿಗಳಿಗೂ ಪೆಟ್ಟು.

ಹೀಗೆ ಕಳಿಸುವಾಗ ಚೀಟಿಯಲ್ಲಿ ರೋಗದ ಹೆಸರಿಗಿಂತ ಮೊದಲು ಬರೆಯಬೇಕಾದವು ಕೆಲವಿವೆ: ಇಂದಿನ ತೂಕ, ಎಷ್ಟನೆಯ ವಾರದಲ್ಲಿ ಹುಟ್ಟಿದ್ದು, ಕೊನೆಯ ಸಲ ಏನು ಎಷ್ಟು ಗಂಟೆಗೆ ಕುಡಿದದ್ದು, ನೆಗಡಿ ಯಾವಾಗಿನದು, ಹಿಂದೆ ಮತ್ತು ಕೊಟ್ಟಿದ್ದರೆ ಯಾವ ಔಷಧ, ಮನೆಯಲ್ಲಿ ಯಾರಿಗಾದರೂ ಆಪರೇಷನ್ ಟೇಬಲಿನ ಮೇಲೆ ತೊಂದರೆಯಾಗಿತ್ತೇ. ಆಂಬುಲೆನ್ಸು ತಲುಪುವ ಹೊತ್ತಿಗೆ ಅಲ್ಲಿಯ ಅರಿವಳಿಕೆ ವೈದ್ಯರು ಕೇಳುವ ಮೊದಲ ಪ್ರಶ್ನೆಗಳು ಇವೇ, ಮತ್ತು ಗಾಬರಿಯಾದ ತಂದೆಗೆ ಇವುಗಳಲ್ಲಿ ಅರ್ಧ ನೆನಪಿರುವುದಿಲ್ಲ.